ಕತ್ತರಿಸಿದ ಸಂಬಳದ ಚೀಟಿಗಳು

ಶವಸಂಸ್ಕಾರ ಮುಗಿದ ಮೇಲಿನ ಮೊದಲ ಸೋಮವಾರ. ಐದು ಜನಕ್ಕೆ ಒಂದೇ ಬಚ್ಚಲಿದ್ದ ಆ ಮನೆಯಲ್ಲಿ ಅಂದು ಯಾರೂ ಬಾಗಿಲು ತಟ್ಟಿ ಅವಸರ ಮಾಡಲಿಲ್ಲ. ಸೊಸೆ ಮಕ್ಕಳಿಬ್ಬರನ್ನೂ ಶಾಲೆಗೆ ಕಳಿಸಿ ಬಂದು ಅತ್ತೆಯ ಎದುರು ಕುಳಿತಳು.

ಅವಳ ಗಂಡ ನೆಲಕ್ಕೆ ಟೈಲ್ಸ್ ಹಾಕುತ್ತಿದ್ದವನು. ಈ ದೇಶಕ್ಕೆ ಮೊದಲು ಅವನು ಬಂದ, ಆಮೇಲೆ ಇವರನ್ನು ಕರೆಸಿಕೊಂಡ. ಎರಡು ವಾರ ಎದೆ ನೋವೆಂದರೂ ರಜೆ ಹಾಕಲಿಲ್ಲ. "ಕೂತು ತಿಂದ್ರೆ ವೀಸಾ ಕಿತ್ಕೊಳ್ತಾರೆ" ಎನ್ನುತ್ತಿದ್ದ. ಹಾಕುತ್ತಿದ್ದ ನೆಲದ ಮೇಲೆಯೇ ಕುಸಿದು ಸತ್ತ.

ಕೆಳಗಿನ ಮನೆಯ ದರ್ಜಿ ಅಕ್ಕ ಬಂದಳು. ಅವಳು ಇಲ್ಲಿಗೆ ಬಂದು ಹನ್ನೆರಡು ವರ್ಷವಾಗಿತ್ತು.

"ಅರ್ಜಿ ಹಾಕಿದ್ಯಾ?"

"ಯಾವ ಅರ್ಜಿ?"

"ದುಡಿಯೋನು ಹೋದ್ರೆ ಹೆಂಡತಿ ಮಕ್ಕಳಿಗೆ ಸಿಗೋ ನೆರವಿನ ಅರ್ಜಿ. ಇಲ್ಲಿ ಮೂರು ತಿಂಗಳೊಳಗೆ ಕೇಳ್ಬೇಕು. ಆಮೇಲೆ ತಲೆ ಚಚ್ಕೊಂಡ್ರೂ ಇಲ್ಲ."

ಅತ್ತೆ ತಲೆಯೆತ್ತಿದರು. "ಬೇಡಮ್ಮ. ಕೈಯೊಡ್ಡಿದ್ರೆ ನಾಳೆನೇ ಗಂಟುಮೂಟೆ ಕಟ್ಟಿಸ್ತಾರೆ. ಕೆಲಸದ ಜಾಗದಲ್ಲಿ ಎಲ್ಲರೂ ಹೇಳ್ತಾರಂತೆ."

"ಎಲ್ಲರೂ ಅಂದ್ರೆ ಯಾರೂ ಅಲ್ಲ, ಅಜ್ಜಿ. ಒಬ್ಬರ ಅಳತೆಗೆ ಹೊಲಿದ ಅಂಗಿ ಇನ್ನೊಬ್ಬರಿಗೆ ಆಗುತ್ತಾ? ವೀಸಾನೂ ಹಾಗೇ. ಕೆಲವಕ್ಕೆ ನೆರವಿಲ್ಲ, ನಿಜ. ನಿಮ್ಮದು ಯಾವುದು ಅಂತ ಕೇಳಿದೀರಾ?"

ಅತ್ತೆ ಸೊಸೆಯ ಕಡೆ ತಿರುಗಿದರು.

"ಭಿಕ್ಷೆನೂ ಅಲ್ಲ ಇದು. ತಿಂಗಳು ತಿಂಗಳು ಅವನ ಸಂಬಳದಲ್ಲಿ ವಿಮೆಗೆ ಹಿಡಿದಿದಾರೆ. ಸಂಬಳದ ಚೀಟಿ ತಗೊಂಡ್ ಬಾ."

ಚೀಟಿಗಳು ಅವನ ಚೀಲದಲ್ಲಿದ್ದವು. ಒಂದೂ ಇಡಿಯಾಗಿರಲಿಲ್ಲ. ಪೈಪಿನ ಸುತ್ತ ಕೂರಿಸುವ ಟೈಲ್ಸನ್ನು ಕೊಯ್ಯುವ ಮೊದಲು ಅವನು ಕಾಗದದಲ್ಲಿ ಅಚ್ಚು ಕತ್ತರಿಸಿಕೊಳ್ಳುತ್ತಿದ್ದ. ಚೀಟಿಯ ಕಾಗದ ದಪ್ಪವಿತ್ತು. ಒಂದರ ನಡುವೆ ದುಂಡನೆಯ ತೂತು, ಇನ್ನೊಂದರಲ್ಲಿ ಮೂಲೆಯೇ ಇಲ್ಲ.

ದರ್ಜಿ ಅಕ್ಕ ತುಂಡುಗಳನ್ನು ಮಡಿಲ ಮೇಲೆ ಹರಡಿ ಹೊಂದಿಸಿದಳು. "ನಾನೂ ಅಂಗಿ ಅಚ್ಚಿಗೆ ಕಾಗದ ಕತ್ತರಿಸಿಯೇ ಅನ್ನ ತಿನ್ನೋಳು. ವಿಮೆ ನಂಬರ್ ಉಳಿದಿದೆ, ಸಾಕು. ಏಳಿ ಇಬ್ರೂ."

ಉಚಿತ ಸಲಹಾ ಕೇಂದ್ರದಲ್ಲಿದ್ದ ಹೆಂಗಸು ವೀಸಾ, ಮಕ್ಕಳ ಜನನ ಪತ್ರ, ತೂತು ಬಿದ್ದ ಚೀಟಿ, ಎಲ್ಲವನ್ನೂ ನೋಡಿದಳು. "ಅರ್ಜಿ ಹಾಕಬಹುದು. ನಿಮ್ಮ ವೀಸಾಗೆ ಇದರಿಂದ ತೊಂದರೆಯಿಲ್ಲ."

ಸೊಸೆ ಒಂದೇ ಒಂದು ಪ್ರಶ್ನೆ ಕೇಳಿದಳು. "ಕಾಯಿಲೆ ರಜೆ ಹಾಕಿದ್ರೆ ಅವರಿಗೂ ಸಂಬಳ ಸಿಗ್ತಿತ್ತಾ?"

ಆ ಹೆಂಗಸು ಪೆನ್ನು ಕೆಳಗಿಟ್ಟಳು. "ಸಿಗ್ತಿತ್ತಮ್ಮ. ವೀಸಾಗೂ ಏನೂ ಆಗ್ತಿರಲಿಲ್ಲ."

ಅತ್ತೆಯೇ ಆ ಪೆನ್ನನ್ನು ಎತ್ತಿ ಸೊಸೆಯ ಕೈಗಿಟ್ಟರು. "ಹಾಕು ಸಹಿ."

ಮರುದಿನ ಅವಳು ಪಕ್ಕದ ಬೀದಿಯ ಗಾರೆಯವನ ಮನೆಗೆ ಹೋದಳು. ನೆಲದ ಮಟ್ಟ ನೋಡಲು ಗಂಡ ಅವನ ರಸಮಟ್ಟವನ್ನು ಕಡ ತಂದಿದ್ದ, ಅದನ್ನು ಹಿಂದಿರುಗಿಸಬೇಕಿತ್ತು. ಗಾರೆಯವನು ಜ್ವರದ ಮುಖದಲ್ಲೇ ಬೂಟು ಕಟ್ಟಿಕೊಳ್ಳುತ್ತಿದ್ದ.

"ರಜೆ ಹಾಕಲಿಲ್ವಾ?"

"ಎಲ್ಲಿ ಅತ್ತಿಗೆ, ವೀಸಾ..."

ಅವಳು ರಸಮಟ್ಟವನ್ನು ಅವನ ಕೈಗಿಟ್ಟಳು. ಅದರ ಮೇಲೆ ಸಲಹಾ ಕೇಂದ್ರದ ವಿಳಾಸ ಬರೆದ ಚೀಟಿಯನ್ನೂ ಇಟ್ಟಳು. "ಮೊದಲು ಇಲ್ಲಿಗೆ ಹೋಗಿ."

ಹೊಸ ದೇಶದಲ್ಲಿ ಸಂಸಾರ ಹೂಡಿರುವವರೇ, ನಿಯಮಗಳು ದೇಶಕ್ಕೊಂದು, ವೀಸಾಕ್ಕೊಂದು. ಗಾಳಿಮಾತು ನಂಬಿ ಕೂರಬೇಡಿ. ಸಂಬಳದ ಚೀಟಿ ಜೋಪಾನ ಮಾಡಿ. ನಿಮಗೆ ಏನು ಸಲ್ಲುತ್ತದೆ, ಗಡುವು ಯಾವತ್ತು ಎಂದು ತಿಳಿದವರ ಬಳಿ ಹೋಗಿ ಕೇಳಿ. ದುಡಿಯುವವರು ಬದುಕಿರುವಾಗಲೇ ಕೇಳಿ.