ಶುಕ್ರವಾರದ ವಿದ್ಯಾರ್ಥಿನಿ

ನಾಲ್ಕು ಮೊಳದ ಬಟ್ಟೆಯಲ್ಲಿ ಐದು ಮೊಳದ ಅಂಗಿ ಹೊಲಿಯುತ್ತೇನೆಂದು ಯಾವ ದರ್ಜಿಯೂ ಮಾತು ಕೊಡುವುದಿಲ್ಲ. ಪರದೆ ಹೊಲಿದು ಬದುಕುವ ಆ ತಾಯಿ ಮಾತ್ರ ಮಗಳ ಪಾಠದಲ್ಲಿ ಅದನ್ನೇ ಮಾಡಲು ಹೊರಟಿದ್ದಳು.

ಮಗಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಒಂಬತ್ತು ವರ್ಷ, ತಡವರಿಸುವ ಮಾತು. ಶಾಲೆಯಲ್ಲಿ ಪ್ರಶ್ನೆ ಕೇಳಿದರೆ ನಾಲಿಗೆಗೆ ಬೀಗ ಬೀಳುತ್ತಿತ್ತು, ಇಡೀ ತರಗತಿ ನಗುತ್ತಿತ್ತು. ಕೊನೆಗೆ ಮಗು ಬಾಯಿ ತೆರೆಯುವುದನ್ನೇ ಬಿಟ್ಟಾಗ ತಾಯಿ ಶಾಲೆ ಬಿಡಿಸಿ, ಅಡುಗೆಮನೆಯ ಮೇಜಿನ ಮೇಲೆ ಪಾಠ ಶುರುಮಾಡಿದಳು. ದೇವರ ದಯೆ, ಮಾತು ಮೆಲ್ಲಗೆ ಮನೆಗೆ ಮರಳಿತ್ತು.

ಅಷ್ಟರಲ್ಲಿ ಪರದೆ ಅಂಗಡಿಯ ಯಜಮಾನ, ಇನ್ನು ಮೇಲೆ ಶುಕ್ರವಾರವಿಡೀ ಅಂಗಡಿಯಲ್ಲೇ ಕೂತು ಹೊಲಿಯಬೇಕು ಎಂದ. ಆ ದಿನ ಮಗುವನ್ನು ಅತ್ತೆಯ ಬಳಿ ಬಿಟ್ಟು, ತಾಯಿ ಶುಕ್ರವಾರದ ಪಾಠಗಳನ್ನು ಬಿಚ್ಚಿ, ಉಳಿದ ನಾಲ್ಕು ದಿನಗಳ ಮಡಿಕೆಗಳೊಳಗೆ ತುರುಕಿದಳು. ಹೊಸ ಪಾಠವನ್ನೂ ಬಿಡಲಿಲ್ಲ, ಹಳೆಯದನ್ನು ಮತ್ತೆ ಓದಿಸಿ ಒಪ್ಪಿಸಿಕೊಳ್ಳುವುದನ್ನೂ ಬಿಡಲಿಲ್ಲ. ಗುರುವಾರ ಬಂತೆಂದರೆ ಇಬ್ಬರಿಗೂ ಉಸಿರುಗಟ್ಟುತ್ತಿತ್ತು. ಒಂದು ಗುರುವಾರ ಹಗಲು–ರಾತ್ರಿ ಹೇಗಾಗುತ್ತವೆ ಎಂದು ಕೇಳಿದಾಗ ಗುಬ್ಬಿಯ ತುಟಿ ನಡುಗಿತೇ ಹೊರತು ಮಾತು ಹೊರಡಲಿಲ್ಲ. "ಎಷ್ಟು ಸಲ ಹೇಳ್ಬೇಕೇ ನಿಂಗೆ?" ಎಂದು ತಾಯಿ ರೇಗಿದಳು. ಹಳೆಯ ಬೀಗ ಮತ್ತೆ ಬಿತ್ತು.

"ಶಾಲೆಗೇ ಕಳಿಸೋಣ ಬಿಡು. ಎರಡು ದೋಣೀಲಿ ಕಾಲಿಟ್ಟು ಎಷ್ಟು ದಿನ ನಿಲ್ತೀಯ?" ಎಂದ ಗಂಡ.

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಕರೆಂಟು ಹೋಗಿ ಮಿಷನ್ನುಗಳೆಲ್ಲ ನಿಂತವು. ಸೋಮವಾರ ಮಗುವನ್ನು ಶಾಲೆಗೆ ಸೇರಿಸುವುದೇ ಸರಿ ಎಂದು ಮನಸ್ಸು ಕಲ್ಲು ಮಾಡಿಕೊಂಡು ತಾಯಿ ಬೇಗ ಮನೆಗೆ ಬಂದಳು. ಒಳಗಿಂದ ಮಾತು ಕೇಳಿ ಬಾಗಿಲಲ್ಲೇ ನಿಂತಳು.

ಕಿಟಕಿಯ ಬಿಸಿಲಿನಲ್ಲಿ ಗುಬ್ಬಿ ನೂಲಿನ ಉಂಡೆ ಹಿಡಿದು ತಿರುಗಿಸುತ್ತಿದ್ದಳು. ಎದುರಿಗೆ ಅಜ್ಜಿ ಕೈಕಟ್ಟಿ ಕೂತಿದ್ದರು.

"ಇ-ಇದು ಭೂಮಿ. ಬಿಸಿಲು ಬಿದ್ದ ಕಡೆ ಹಗಲು. ಹಿಂ-ಹಿಂದುಗಡೆ ರಾತ್ರಿ."

"ಅಯ್ಯೋ ತಾಯಿ! ಹಾಗಾದ್ರೆ ಸೂರ್ಯ ಓಡಾಡಲ್ವಾ? ಇಷ್ಟು ವರ್ಷ ಪಾಪ, ಸುಸ್ತಾಗಿರ್ತಾನೆ ಅಂತ ಕೈ ಮುಗೀತಿದ್ನಲ್ಲೇ!"

"ಕೈ ಮುಗಿಯೋದು ಸರಿ ಅಜ್ಜಿ. ತಿ... ತಿರುಗೋದು ನಾವು."

"ಮತ್ತೆ ನಾವ್ಯಾಕೆ ಬೀಳಲ್ಲ?"

"ಎಷ್ಟು ಸಲ ಹೇಳ್ಬೇಕೇ ನಿಂಗೆ?" ಎಂದು ಗದರಿದ ಗುಬ್ಬಿ, ಅಜ್ಜಿಯ ಮುಖ ನೋಡಿ ಮೆತ್ತಗಾದಳು. "ಇರ್ಲಿ ಬಿಡು. ಇ-ಇನ್ನೊಂದ್ಸಲ ಹೇಳ್ತೀನಿ."

ತನ್ನದೇ ಮಾತು ಮಗುವಿನ ಬಾಯಲ್ಲಿ ಕೇಳಿ ತಾಯಿಗೆ ಸೂಜಿ ಚುಚ್ಚಿದಂತಾಯಿತು. ಅದರ ಹಿಂದೆಯೇ ಬಂದ ಮಾತು ಆ ನೋವಿನ ಮೇಲೆ ಬೆಣ್ಣೆ ಸವರಿತು. ಗುಬ್ಬಿ ತಡವರಿಸುತ್ತಿದ್ದಳು, ಆದರೆ ನಿಲ್ಲುತ್ತಿರಲಿಲ್ಲ. ಅಜ್ಜಿಗೂ ಅವಸರವಿರಲಿಲ್ಲ.

ಮಗು ನೀರು ಕುಡಿಯಲು ಎದ್ದಾಗ ತಾಯಿ ಒಳಗೆ ಬಂದು ಪಿಸುಗುಟ್ಟಿದಳು. "ಅತ್ತೆ, ಏನೂ ಗೊತ್ತಿಲ್ಲದ ಹಾಗೆ ಎಷ್ಟು ಚೆನ್ನಾಗಿ ನಾಟಕ ಆಡ್ತೀರಿ!"

ಅತ್ತೆ ಬೆರಗಾಗಿ ನೋಡಿದರು. "ನಾಟಕ ಯಾಕೆ ಆಡ್ಲಿ? ನಂಗೆ ನಿಜ್ವಾಗ್ಲೂ ಗೊತ್ತಿರ್ಲಿಲ್ಲ ಕಣೇ. ಶಾಲೆ ಮೆಟ್ಟಿಲು ಹತ್ತಿದವಳಲ್ಲ ನಾನು. ನಾಲ್ಕು ದಿನ ನೀನು ಅವಳಿಗೆ ಹೇಳ್ತೀಯ, ಶುಕ್ರವಾರ ಅವಳು ನಂಗೆ ಹೇಳ್ತಾಳೆ. ನಿಂಗೆ ಅಂಗಡಿ ಕೆಲ್ಸ ಬಂದಿದ್ದು ನನ್ನ ಪುಣ್ಯ."

ತಾಯಿಗೆ ಆಗ ಹೊಳೆಯಿತು. ಓದಿದ್ದನ್ನು ಒಪ್ಪಿಸುವ ಕೆಲಸವನ್ನೆಲ್ಲ ತಾನು ನಾಲ್ಕು ದಿನಗಳಲ್ಲಿ ಅದುಮುತ್ತಿದ್ದಳು. ಐದನೆಯ ದಿನ ಅದನ್ನು ಆಗಲೇ ತನ್ನ ಮಡಿಲಿಗೆ ಹಾಕಿಕೊಂಡಿತ್ತು. ಇನ್ನು ಆ ನಾಲ್ಕು ದಿನ ಹೊಸ ಪಾಠ ಮಾತ್ರ ಸಾಕು. ಗುರುವಾರ ಮಧ್ಯಾಹ್ನಕ್ಕೇ ಪುಸ್ತಕ ಮುಚ್ಚಬಹುದು. ಶಾಲೆಯ ಮಾತು ಬೇಡ. ಕೇಳದೆಯೇ ಕೊಡುವವನೇ, ನಿನ್ನ ಲೆಕ್ಕ ನಮಗೆ ತಿಳಿಯದು ಎಂದು ಅವಳು ಮನಸ್ಸಿನಲ್ಲೇ ಕೈ ಮುಗಿದಳು.

ಗುಬ್ಬಿ ಲೋಟ ಹಿಡಿದು ಬಂದವಳು ತಾಯಿಯನ್ನು ಕಂಡು ಬೆಚ್ಚಿದಳು.

"ನಾನೂ ಕೂರ್ಲಾ?" ಎಂದಳು ತಾಯಿ.

ಗುಬ್ಬಿ ಅಜ್ಜಿಯತ್ತ ನೋಡಿದಳು.

"ಕೂತ್ಕೊಳ್ಲಿ ಬಿಡು, ಪಾಪ," ಎಂದರು ಅಜ್ಜಿ. "ಆದ್ರೆ ಮಧ್ಯೆ ಬಾಯಿ ಹಾಕ್ಬಾರ್ದು."