ಎರಡು ಗುಂಡಿಗಳ ನಡುವಿನ ಮಣ್ಣು

ಲೈನ್ ಕೆಲಸದವನು ದಿಬ್ಬದಿಂದ ಇಳಿದು ಬಂದು, ಕೈಗೆ ಮೆತ್ತಿದ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ.

"ಅರ್ಥಿಂಗ್ ಗುಂಡಿ ಎರಡೂ ಚೆನ್ನಾಗೇ ಇದಾವೆ ಅಕ್ಕ. ಸೋಲಾರ್ ಪ್ಯಾನೆಲ್ ಹತ್ರ ಒಂದು, ಮನೆ ಹತ್ರ ಒಂದು. ಆದ್ರೆ ಒಂದಕ್ಕೊಂದು ಮಾತುಕತೆ ಇಲ್ಲ."

"ಹಾಗಂದ್ರೆ?" ಎಂದಳು ವೆಲ್ಡರನ ಹೆಂಡತಿ.

"ಸಿಡಿಲು ದಿಬ್ಬದ ಹತ್ರ ಬಿದ್ರೆ ಅಲ್ಲಿನ ನೆಲ ಉಕ್ಕುತ್ತೆ, ಇಲ್ಲಿನ ನೆಲ ತಣ್ಣಗಿರುತ್ತೆ. ಉಕ್ಕಿದ್ದು ದಾರಿ ಹುಡುಕ್ಕೊಂಡು ಕರೆಂಟಿನ ತಂತೀಲೇ ಬಂದು, ಯಂತ್ರದೊಳಗೆ ಹಾಯ್ದು ಹೋಗುತ್ತೆ. ಹೋದ್ಸಲ ಸುಟ್ಟಿದ್ದು ಹಾಗೇ. ಎರಡೂ ಗುಂಡಿಗೆ ಬರಿ ತಾಮ್ರದ ತಂತಿ ಸೇರಿಸ್ಬೇಕು, ಮಣ್ಣೊಳಗೇ."

ಯಂತ್ರ ಮಂಚದ ಪಕ್ಕದಲ್ಲಿ ಗುಂಯ್ಗುಡುತ್ತಿತ್ತು. ಜೀವಮಾನವಿಡೀ ವೆಲ್ಡಿಂಗ್ ಹೊಗೆ ಕುಡಿದ ಎದೆಗೆ ಅದು ಗಾಳಿಯಿಂದ ಆಮ್ಲಜನಕ ಹಿಂಡಿ ಕೊಡುತ್ತಿತ್ತು. ಮನೆಯಿದ್ದದ್ದು ಬಂಡೆಗಳ ತಗ್ಗಿನಲ್ಲಿ. ಬಿಸಿಲು ಬೀಳುತ್ತಿದ್ದದ್ದು ದೂರದ ದಿಬ್ಬದ ಮೇಲೆ. ಪ್ಯಾನೆಲ್ಲೂ ಬ್ಯಾಟರಿಯ ಗೂಡೂ ಅಲ್ಲೇ. ಬ್ಯಾಟರಿಯನ್ನು ಮನೆಯೊಳಗೆ ತರೋಣವೆಂದರೆ ಅದರ ಆವಿ ಅವನ ಎದೆಗಾಗದು. ಮೊದಲ ಯಂತ್ರ ಸುಟ್ಟಮೇಲೆ ಇದನ್ನು ಕೊಟ್ಟ ಆಸ್ಪತ್ರೆಯವರು, ಇನ್ನೊಮ್ಮೆ ಕೇಳಬೇಡಿ ಎಂದಿದ್ದರು. ಹಾಗಾಗಿ ಗುಡುಗಿದಾಗಲೆಲ್ಲ ಅವಳು ಸ್ವಿಚ್ಚು ಕೆಳಗೆಳೆದು ತಂತಿಯನ್ನೇ ಕಳಚಿಡುತ್ತಿದ್ದಳು. ಮೋಡ ಚದುರುವವರೆಗೆ ಅವನ ಉಸಿರು ಅವನ ಪಾಡು.

"ಕಂಬದ ಮೇಲೇ... ಎಳಿಯಪ್ಪ," ಎಂದ ಮಂಚದಲ್ಲಿದ್ದ ಗಂಡ.

"ಮೇಲೆ ಎಳೆದ್ರೆ ಸಿಡಿಲಿಗೆ ಜೋಕಾಲಿ ಕಟ್ಟಿಕೊಟ್ಟ ಹಾಗೆ, ಯಜಮಾನ್ರೆ. ಬಂಡೆ ಮೇಲೆ ಹಾಸಿದ್ರೂ ಪ್ರಯೋಜನ ಇಲ್ಲ. ನಡುವೆ ಮಣ್ಣು ಅಂತ ಇರೋದು ನಿಮ್ಮ ತಂಗಿ ಹಿತ್ತಲ ಪಟ್ಟಿ ಒಂದೇ."

ಗಂಡ ಗೋಡೆಯತ್ತ ಹೊರಳಿದ. "ಅಲ್ಲಿ ಬೇಡ."

ಬಾಗಿಲಗಲದ ಆ ಪಟ್ಟಿಯಲ್ಲಿ ತಂಗಿಯ ಮಗ ಮಲಗಿದ್ದ. ಶಾಲೆಗೆ ಸೇರಿದ ವರ್ಷವೇ ಜ್ವರದಲ್ಲಿ ಹೋದ ಮಗು. ಗುಂಡಿ ತೋಡಿದವನು ಸೋದರಮಾವ, ಇವನೇ.

ಗಂಡನಿಗೆ ಹೇಳದೆ ಅವಳು ನಾದಿನಿಯ ಮನೆಗೆ ಹೋದಳು. ಬಟ್ಟೆಯ ಚೂರುಗಳ ನಡುವೆ ನಾದಿನಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು.

"ಏನತ್ತಿಗೆ, ದಾರಿ ತಪ್ಪಿ ಬಂದ್ರಾ? ಬಂದೋರು ಈ ಸೂಜಿಗೆ ದಾರ ಪೋಣಿಸಿ ಕೊಡಿ. ನನ್ನ ಕಣ್ಣು ನಂಬಿದ್ರೆ ಗಿರಾಕಿ ಒಂದೇ ತೋಳಿನ ಅಂಗಿ ಹಾಕ್ಕೊಂಡು ಓಡಾಡ್ಬೇಕಾಗುತ್ತೆ."

ದಾರ ಪೋಣಿಸುತ್ತಲೇ, ತಲೆ ಎತ್ತದೆ, ಅವಳು ಎಲ್ಲ ಹೇಳಿದಳು. "ಪಕ್ಕದಲ್ಲಿ ಹಾಯಿಸ್ತಾನೆ ಕಣೇ. ಮಗೂಗೆ ತಾಗಲ್ಲ."

"ಪಕ್ಕ ಅನ್ನೋದು ಎಲ್ಲಿದೆ ಅಲ್ಲಿ? ಆ ಕಡೆನೂ ಬಂಡೆ, ಈ ಕಡೆನೂ ಬಂಡೆ." ನಾದಿನಿ ಕೈಲಿದ್ದ ಬಟ್ಟೆಯನ್ನು ಮಡಿಲಿಗಿಟ್ಟಳು. "ಎಷ್ಟು ಆಳ ಬೇಕಂತೆ?"

"ಮೊಣಕಾಲಷ್ಟು."

ನಾದಿನಿ ಯಂತ್ರದ ಚಕ್ರದ ಮೇಲೆ ಅಂಗೈ ಇಟ್ಟಳು.

"ಅವನೂ ಅಷ್ಟೇ ಆಳದಲ್ಲಿದಾನೆ ಅತ್ತಿಗೆ. ಕೆಳಗೆ ಕಲ್ಲು ಸಿಕ್ತು. ಅಣ್ಣ ಹಾರೆ ಹಿಡಿದು ಬಡೀತಾನೇ ಇದ್ದ. ಕಿಡಿ ಹಾರಿದ್ವು, ಕಲ್ಲು ಬಿಡ್ಲಿಲ್ಲ. ಸಾಕು ಬಿಡಣ್ಣ ಅಂದೋಳು ನಾನೇ."

ಅವಳಿಗೆ ಇದು ಗೊತ್ತಿರಲಿಲ್ಲ. ಗಂಡ ಆ ದಿನದ ಬಗ್ಗೆ ಎಂದೂ ಬಾಯಿ ಬಿಟ್ಟವನಲ್ಲ.

"ಅಗೀಲಿ ಅನ್ನೋಕೆ ಬಾಯಿ ಬರಲ್ಲ," ಎಂದಳು ನಾದಿನಿ. "ಬೇಡ ಅಂದ್ರೆ ಅಣ್ಣನ ಕತ್ತು ಹಿಸುಕಿದ ಹಾಗೆ. ಅವನ್ನೇ ಕೇಳಿ. ಅವನು ಹೂಂ ಅಂದ್ರೆ ನಂದೂ ಹೂಂ."

ಅವಳು ಬಂದು ಕೇಳಿದಳು. ಗಂಡ ಸೂರಿನಿಂದ ಕಣ್ಣು ಕೀಳಲಿಲ್ಲ.

"ಎಷ್ಟು ಆಳ ಅಂತ... ಅವಳಿಗೆ ಹೇಳಿದ್ಯಾ?"

"ಹೇಳ್ದೆ."

"ಹೇಳ್ಬಾರ್ದಿತ್ತು." ಒಂದು ಉಸಿರು ಎಳೆದುಕೊಂಡ. "ಲೈನಿನವನಿಗೆ... ಬರ್ಬೇಡ ಅನ್ನು."

"ನಾನೇನು ಮಾಡ್ಲಿ ಹೇಳಿ, ನಿಮ್ಮ ಕೈಲಿ ಉಸಿರಾಡೋಕೆ ಆಗ್ದೇ ಇದ್ದಾಗ?"

ಅವನು ಮತ್ತೆ ಗೋಡೆಯತ್ತ ಹೊರಳಿದ.

ಆ ವಾರವೇ ಒಂದು ಮಧ್ಯಾಹ್ನ ಮೋಡ ಕವಿಯಿತು. ಗುಡುಗಿತು, ಯಂತ್ರ ನಿಂತಿತು. ಮಳೆ ಸುರಿದು ನಿಂತರೂ ಮೋಡ ಹೋಗಲಿಲ್ಲ. ದಿಬ್ಬದ ಸುತ್ತಲೇ ಸುತ್ತಿ, ಗುಡುಗಿ, ಮತ್ತೆ ಸುತ್ತಿತು. ಈ ಸಲ ತರಿಸಿಟ್ಟಿದ್ದ ಆಮ್ಲಜನಕದ ಸಣ್ಣ ಸಿಲಿಂಡರೂ ಖಾಲಿಯಾಯಿತು. ಅವನ ತುಟಿ ಕಪ್ಪಿಟ್ಟಿತು. ತೋಯ್ದ ಸೆರಗಿನಲ್ಲೇ ನಾದಿನಿ ಬಂದು ಅಣ್ಣನ ಅಂಗಾಲು ಉಜ್ಜತೊಡಗಿದಳು.

"ಹಾಕಿಬಿಡಿ ಅತ್ತಿಗೆ."

"ಸುಟ್ರೆ ನಾಳೆ ಏನು ಗತಿಯೇ?"

"ಇವತ್ತೇ ಕಳೀದಿದ್ರೆ?"

ಅವಳು ದೇವರ ಹೆಸರು ಹೇಳಿ ತಂತಿ ಸಿಕ್ಕಿಸಿ ಸ್ವಿಚ್ಚು ಮೇಲೆತ್ತಿದಳು. ಯಂತ್ರ ಗುಂಯ್ಗುಟ್ಟಿತು. ಅವನ ಎದೆ ಒಮ್ಮೆ ತುಂಬಿತು, ಇನ್ನೊಮ್ಮೆ ತುಂಬಿತು. ಮೂವರೂ ಅದನ್ನೇ ನೋಡುತ್ತಿದ್ದಾಗ ದಿಬ್ಬ ಬೆಳ್ಳಗಾಯಿತು. ಸದ್ದು ಬರುವ ಮೊದಲೇ ಯಂತ್ರದೊಳಗೆ ಚಟ್ಟೆಂದು ಕಿಡಿ ಹಾರಿ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಕೋಣೆ ತುಂಬಿತು.

"ಅಗೀಲಿ ಅಣ್ಣ," ನಾದಿನಿ ಅವನ ಕಿವಿಯ ಹತ್ತಿರ ಬಾಗಿದಳು. "ನಾಳೇನೇ ಅಗೀಲಿ. ನಾನೇ ಹೇಳ್ತಿದೀನಿ, ಕೇಳುಸ್ತಾ?"

ಅವನಿಗೆ ಕೇಳಿಸಿತ್ತು. ಅವಳ ತಲೆಯ ಮೇಲೆ ಕೈಯಿಟ್ಟು, ನಿಧಾನವಾಗಿ, ಬೇಡವೆಂದು ತಲೆಯಾಡಿಸಿದ. ಹೆಂಡತಿ ಹೊಗೆ ಹೋಗಲೆಂದು ಕಿಟಕಿ ತೆರೆದಳು. ಹೊರಗೆ ಗಾಳಿ ಬೇಕಾದಷ್ಟಿತ್ತು.