ಗಟ್ಟಿ ತೊಲೆ

ವರ್ಕ್‌ಶಾಪಿನ ಮೇಸ್ತ್ರಿಯ ಫೋನೆಂದರೆ ಸಾಕು, ಆಫೀಸಿನಲ್ಲಿ ಎಲ್ಲರಿಗೂ ದಿಢೀರನೆ ಬೇರೆ ಕೆಲಸ ನೆನಪಾಗುತ್ತಿತ್ತು. ಆಸಾಮಿ ತನ್ನ ಬೆಸುಗೆಯನ್ನು ತಾನೇ ಹೊಗಳಿಕೊಳ್ಳಲು ಕೂತರೆ ಅರ್ಧ ಗಂಟೆ ಹೋದಂತೆಯೇ. ಅಂದು ಬೆಳಿಗ್ಗೆಯೂ ಎಲ್ಲರೂ ಜಾರಿಕೊಂಡು, ಫೋನು ಇಂಜಿನಿಯರಮ್ಮನಿಗೆ ಗಂಟುಬಿತ್ತು.

ಅವಳಿಗೂ ಪುರುಸೊತ್ತಿರಲಿಲ್ಲ. ಮಗಳ ಶಾಲೆಯ ಹೊಸ ಕಟ್ಟಡದಲ್ಲಿ ಉಕ್ಕಿನ ತೊಲೆಗಳು ಕಂಬಗಳನ್ನು ಸೇರುವ ಜೋಡಣೆಗಳ ಲೆಕ್ಕ ಅವಳದೇ. ಸಂಜೆಯೊಳಗೆ ಸಹಿ ಹಾಕಬೇಕಿತ್ತು. ಭೂಕಂಪ ಬಂದರೆ ತೊಲೆ ಬಾಗಬೇಕು, ಜೋಡಣೆ ಬಿಡಬಾರದು. ತೊಲೆ ಬಾಗಿದರೆ ಮಕ್ಕಳು ಓಡಿ ಹೊರಬರಬಹುದು, ಜೋಡಣೆ ಬಿಟ್ಟರೆ ಮಹಡಿಯೇ ತಲೆಮೇಲೆ. ಸಾಫ್ಟ್‌ವೇರು ಎಲ್ಲದಕ್ಕೂ ಹಸಿರು ತೋರಿಸಿತ್ತು. ಯಂತ್ರವನ್ನು ಕಣ್ಣುಮುಚ್ಚಿ ನಂಬುವ ಪೈಕಿಯಲ್ಲ ಅವಳು; ಎರಡು ದಿನ ಕೂತು ಕೈಯಲ್ಲೂ ಲೆಕ್ಕ ಮಾಡಿದ್ದಳು. ಎರಡೂ ತಾಳೆಯಾಗಿ, ಒಳಗೊಳಗೇ ಬೀಗಿದ್ದಳು ಕೂಡ.

ಮೇಸ್ತ್ರಿಯ ಅಂದಿನ ಬಡಾಯಿ ಉಕ್ಕಿನದು. ತೊಲೆಗೆ ಬಂದ ಮಾಲನ್ನು ಪರೀಕ್ಷೆ ಮಾಡಿಸಿದರೆ, ಕೇಳಿದ್ದಕ್ಕಿಂತ ಮೂರರಲ್ಲೊಂದು ಪಾಲು ಹೆಚ್ಚು ಗಟ್ಟಿಯಂತೆ. ಇಂಥ ಮಾಲು ಹುಡುಕಿ ತರಲು ತನ್ನನ್ನು ಬಿಟ್ಟರೆ ಇನ್ಯಾರಿದ್ದಾರೆ ಎಂದು ಶುರುಮಾಡಿದ. ಹ್ಞೂಂ ಹ್ಞೂಂ ಎನ್ನುತ್ತಿದ್ದವಳು ಲೆಕ್ಕದ ಹಾಳೆ ಹತ್ತಿರಕ್ಕೆ ಎಳೆದುಕೊಂಡಳು.

ಗಟ್ಟಿ ತೊಲೆ ಸುಲಭಕ್ಕೆ ಬಾಗುವುದಿಲ್ಲ. ಬಾಗದ ತೊಲೆಯ ಹೊಡೆತವೆಲ್ಲ ಜೋಡಣೆಯ ಬೆಸುಗೆಯ ಮೇಲೆ ಬೀಳುತ್ತದೆ. ಉಕ್ಕು ಕೇಳಿದ್ದಕ್ಕಿಂತ ಬಲವಾಗಿ ಬಂದೀತೆಂದು ಕಂಪ್ಯೂಟರಿಗೆ ಮೊದಲೇ ತಿಳಿಸುವ ಅಂಕಿಯೊಂದಿತ್ತು. ಅದನ್ನು ಅವಳು ತುಂಬದೆ ಬಿಟ್ಟಿದ್ದಳು. ಕೈಲೆಕ್ಕದಲ್ಲೂ ಬಿಟ್ಟಿದ್ದಳು. ತಪ್ಪಿನ ಪರವಾಗಿ ಅದೇ ತಪ್ಪು ಸಾಕ್ಷಿ ಹೇಳಿದರೆ ತಾಳೆಯಾಗದೆ ಇನ್ನೇನು! ಅಂಕಿ ತಿದ್ದಿ ಮತ್ತೆ ಓಡಿಸಿದಳು. ನಲವತ್ತೆಂಟು ಜೋಡಣೆಗಳೂ ಕೆಂಪು. ಆ ಬಡಾಯಿಗಾರನ ಹೊಟ್ಟೆ ತಣ್ಣಗಿರಲಿ ಎಂದುಕೊಂಡಳು.

ಮಧ್ಯಾಹ್ನ ತಾನೇ ಫೋನು ಮಾಡಿದಳು. ತಪ್ಪು ತನ್ನದೆಂದು ಒಪ್ಪಿಕೊಂಡು, ಕಂಬದ ಹತ್ತಿರ ತೊಲೆಯ ಅಂಚುಗಳನ್ನು ಕೊರೆದು ಸಪೂರ ಮಾಡಬೇಕು, ಬಾಗುವುದಾದರೆ ಅಲ್ಲೇ ಬಾಗಬೇಕು ಎಂದಳು. ಅವನು ಕೊಂಡಾಡಿದ ಅದೇ ಉಕ್ಕನ್ನು. ಜನ್ಮದಲ್ಲಿ ಮೊದಲ ಸಲ ಮೇಸ್ತ್ರಿ ಬಡಾಯಿ ಬಿಟ್ಟು ನೇರ ಕೆಲಸದ ಮಾತಿಗೆ ಬಂದ.

"ಎಲ್ಲಿ ಎಷ್ಟು ಅಂತ ಬರ್ದು ಕಳ್ಸಮ್ಮ, ನಾನೇ ನಿಂತು ಕೊರೆಸ್ತೀನಿ," ಎಂದ. "ಇನ್ಮೇಲೆ ಈ ಉಕ್ಕಿನ ಸುದ್ದಿ ಯಾರ ಮುಂದೂ ಎತ್ತಲ್ಲ."

ಈ ಮನುಷ್ಯ ಬೆಳಿಗ್ಗೆ ಬಾಯಿ ಮುಚ್ಚಿಕೊಂಡಿದ್ದರೆ, ಸಂಜೆಗೆ ಅವಳು ಸಹಿ ಹಾಕಿಬಿಡುತ್ತಿದ್ದಳು.

"ಎತ್ತಿ ಮೇಸ್ತ್ರಿಗಳೇ, ಊರಿಗೆಲ್ಲ ಹೇಳ್ಕೊಳ್ಳಿ," ಎಂದಳು. "ಶಾಲೆ ಉಳಿಸಿದ್ದು ನಿಮ್ಮ ಮಾತು ಅಂತ ನನ್ನ ಮಗಳಿಗೆ ಮಾತ್ರ ನಾನೇ ಹೇಳ್ತೀನಿ."